ಕೆಂಪು ಗಂಟು

ಲೈಟು ಹಾಗೇ ಇರಲಿ, ಆರಿಸಬೇಡಿ. ಇದು ಅಂತೆಕಂತೆಯಲ್ಲ, ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ಮನೆಮಂದಿಗೆಲ್ಲ ಅವನು ಕಪ್ಪೆ. ನೀರು ಕಂಡರೆ ಊಟ, ನಿದ್ದೆ ಎರಡೂ ಮರೆಯುವ ಆಸಾಮಿ.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಕಪ್ಪೆ ಮುಳುಗುವ ಸಾಮಾನಿಡುವ ಶೆಡ್ಡಿಗೆ ಬೀಗ ಹಾಕಿ ದೊಡ್ಡ ಬಾವಿಯ ಪಕ್ಕದ ದಾರಿ ಹಿಡಿದು ಮನೆಗೆ ಹೊರಟಿದ್ದ. ಆ ಬಾವಿಯ ತಳದಲ್ಲೇ ಗುಹೆಯ ಬಾಯಿ. ಒಳಗೆಲ್ಲ ನೀರು, ಕಗ್ಗತ್ತಲೆ. ಅವನೂ ಅವನ ಭಾವನೂ, ಅಂದರೆ ಅಕ್ಕನ ಗಂಡ, ಅದರೊಳಗೆ ಮುಳುಗಿ, ಅಳೆದು, ನಕ್ಷೆ ಮಾಡುತ್ತಿದ್ದವರು. ಹಿಡಿದುಕೊಂಡರೆ ನೀರೊಳಗೆ ಎಳೆದುಕೊಂಡು ಹೋಗುವ ಮೋಟಾರು ಇರುತ್ತದಲ್ಲ, ಅದಕ್ಕೆ ಅವರು ಸ್ಕೂಟರ್ ಅನ್ನುತ್ತಾರೆ.

ಬಾವಿಯೊಳಗಿಂದ ಸದ್ದು ಬಂತು. ಗೊಂಯ್ಯ್ಯ್… ಸ್ಕೂಟರಿನದೇ. ಕಟಕ್ ಅಂತ ನಿಂತಿತು. ಆಮೇಲೆ… ಟಣ್. ಟಣ್. ಟಣ್. ಗಾಳಿಯ ಸಿಲಿಂಡರ್ ಮೇಲೆ ಕೊಕ್ಕೆಯಿಂದ ಬಡಿದ ಹಾಗೆ. ನೀರೊಳಗೆ ಮಾತಾಡೋಕೆ ಆಗಲ್ಲ ನೋಡಿ. ಮೂರು ಸಲ ಬಡಿದರೆ, ನಿಲ್ಲು, ನಾನು ಹಿಂದಿದ್ದೀನಿ ಅಂತ.

ಕಪ್ಪೆಯ ಸ್ಕೂಟರ್ ಶೆಡ್ಡಿನೊಳಗಿತ್ತು. ಭಾವನದು ಕೆಟ್ಟು ಮೂಲೆ ಸೇರಿತ್ತು. ಭಾವ ತೀರಿಕೊಂಡು ಐದು ತಿಂಗಳಾಗಿತ್ತು.

ನಾವಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದೆವು. ಅವನಿಗೆ ಹೆದರಿಕೆಯೂ ಆಗಲಿಲ್ಲ. ಐದು ತಿಂಗಳಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಅಳು ಇಲ್ಲ, ಹಸಿವಿಲ್ಲ. ಮರಗಟ್ಟಿಹೋಗಿದ್ದ.

ಆಗಿದ್ದು ಇಷ್ಟು. ದಾರಿ ತಪ್ಪದಿರಲಿ ಅಂತ ಗುಹೆಯುದ್ದಕ್ಕೂ ಎಳೆದಿದ್ದ ಹಗ್ಗಕ್ಕೆ ಮುನ್ನೂರನೇ ಮೀಟರಿನಲ್ಲಿ ಭಾವನೇ ಕೆಂಪು ದಾರದ ಗಂಟು ಕಟ್ಟಿದ್ದರು. ಸ್ಕೂಟರ್ ಕೈಕೊಟ್ಟರೂ ಅಲ್ಲಿಂದ ಉಳಿದ ಗಾಳಿಯಲ್ಲಿ ಈಜಿ ಬರಬಹುದು. ಅದರಾಚೆ ಹೋದರೆ ಆಗದು. "ಸ್ಕೂಟರ್ ಕರ್ಕೊಂಡು ಹೋಗತ್ತೆ ಕಣೋ, ವಾಪಸ್ ತರೋದು ಕಾಲೇ" ಅನ್ನುತ್ತಿದ್ದರು. ಹೇಳಿದವರೇ ಒಂದು ದಿನ ಕಪ್ಪೆಯನ್ನೂ ಕರೆದುಕೊಂಡು ಗಂಟು ದಾಟಿದರು. ಸ್ಕೂಟರ್ ಚೆನ್ನಾಗಿ ಓಡುತ್ತಿತ್ತಲ್ಲ! ಐನೂರರಲ್ಲಿ ಅವರದು ನಿಂತಿತು. ಹಿಂದಿನಿಂದ ಕಪ್ಪೆಯ ಸೊಂಟದ ಬಾರು ಹಿಡಿದುಕೊಂಡರು. ಕೆಟ್ಟಾಗ ಒಬ್ಬರನ್ನೊಬ್ಬರು ಹಾಗೆಯೇ ಎಳೆದು ತರುವುದು. ಕಪ್ಪೆಯ ಸ್ಕೂಟರ್ ನಿಧಾನವಾಯಿತು. ಇದು ಇಬ್ಬರನ್ನು ಎಳೆಯಲಾರದು, ತಾನೂ ಇಲ್ಲೇ ಉಳಿಯುತ್ತೇನೆ ಅನ್ನಿಸಿಬಿಟ್ಟಿತು ಅವನಿಗೆ. ಕೈ ಹಿಂದೆ ಹಾಕಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಮೇಲೆ ಬಂದು ಅಕ್ಕನಿಗೆ ಹೇಳಿದ್ದು ಬೇರೆ. "ಬ್ಯಾಟರಿ ಮುಗಿದಿತ್ತಕ್ಕಾ. ಎಳೆಯೋಕೆ ಆಗ್ಲಿಲ್ಲ."

ಮೂರನೇ ದಿನ ಬೇರೆಯವರು ದೇಹ ತಂದರು. ಭಾವ ಗಂಟಿನ ತನಕ ಈಜಿದ್ದರಂತೆ, ಅಷ್ಟಕ್ಕೆ ಗಾಳಿ ಮುಗಿದಿತ್ತಂತೆ.

ಸದ್ದು ಕೇಳಿದ ಮರುದಿನ ಬೆಳಿಗ್ಗೆ ಕಪ್ಪೆ ಒಬ್ಬನೇ ಇಳಿದ. ಆ ಸಾವಾದ ಮೇಲೆ ಊರವರು ಬಾವಿಗೆ ಕಬ್ಬಿಣದ ಬಾಗಿಲು ಹಾಕಿ ಮುಚ್ಚುವವರಿದ್ದರು. ಅಷ್ಟರೊಳಗೆ ಗಂಟಿನ ಹತ್ತಿರ ಬಿಟ್ಟಿದ್ದ ಅಳತೆಯ ಪೆಟ್ಟಿಗೆ ತರಬೇಕಿತ್ತು. ಹೋದ, ಪೆಟ್ಟಿಗೆ ತೆಗೆದುಕೊಂಡ. ಟಾರ್ಚಿನ ಬೆಳಕಲ್ಲಿ ಗಂಟು ಹಗ್ಗದಲ್ಲೇ ಇತ್ತು. ಅದನ್ನು ಮುಟ್ಟದೆ ತಿರುಗಿದ.

ಸೊಂಟದ ಬಾರು ಹಿಂದಕ್ಕೆ ಜಗ್ಗಿತು…

ಗೊಂಯ್ಯ್ ಅನ್ನುತ್ತಿದ್ದ ಸ್ಕೂಟರ್ ಗೊರ್ರ್ ಅನ್ನತೊಡಗಿತು. ಅದೇ ಭಾರ. ಕಪ್ಪೆ ತಿರುಗಿ ನೋಡಲಿಲ್ಲ. ಈ ಸಲ ಕೈ ಹಿಂದೆ ಹಾಕಲೂ ಇಲ್ಲ. ಬಾವಿಯ ಬೆಳಕು ಕಂಡಾಗ ಬಾರು ತಾನಾಗಿ ಸಡಿಲವಾಯಿತು.

ಬ್ಯಾಟರಿ ಚಾರ್ಜು ಮಾಡುವುದು ಅಕ್ಕನ ಕೆಲಸ. ಅವತ್ತು ಶೆಡ್ಡಿನಲ್ಲಿ ಚಾರ್ಜು ತೋರಿಸುವ ಮೀಟರು ಹಚ್ಚಿ ಎರಡೆರಡು ಸಲ ನೋಡಿದಳು.

"ಒಬ್ಬನೇ ಹೋಗಿದ್ಯಾ?"

"ಹೂಂ."

"ಇದು ಇಬ್ಬರನ್ನ ಎಳೆದಷ್ಟು ಖರ್ಚಾಗಿದೆ."

ಕಪ್ಪೆ ಸೊಂಟದ ಬಾರು ಕಳಚಿ ಪಕ್ಕಕ್ಕಿಟ್ಟ. ಅಕ್ಕ ಮೀಟರಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು. "ಅವರು ಹೋದ ದಿನ ಇದರಲ್ಲಿ ಅರ್ಧ ಉಳಿದಿತ್ತು. ಇಬ್ರಿಗೂ ಸಾಕಾಗ್ತಿತ್ತು."

"ನಿಂಗೆ… ಗೊತ್ತಿತ್ತಾ?"

"ಅವತ್ತೇ ನೋಡಿದ್ದೆ. ನೀನೇ ಹೇಳ್ತೀಯೇನೋ ಅಂತ ಕಾದೆ."

"ಕೈ ಬಿಡಿಸಿಬಿಟ್ಟೆ ಅಕ್ಕಾ."

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಅವಳೊಳಗೂ ಏನೂ ಉಳಿದಿರಲಿಲ್ಲ ಅಂತ ಕಾಣುತ್ತದೆ. ಒದ್ದೆ ಬಾರನ್ನು ಒಣಹಾಕಲು ಎತ್ತಿಕೊಂಡಳು. ಕೈ ಅಲ್ಲೇ ನಿಂತಿತು.

ಬಾರಿನ ಹಿಂಬದಿಗೆ ಕೆಂಪು ದಾರ. ಎರಡು ಸುತ್ತು ಹಾಕಿ ಬಿಗಿದ ಗಂಟು. ಭಾವ ಹಾಕುತ್ತಿದ್ದದ್ದು ಹಾಗೆಯೇ.

ನಂಬುವುದು ಬಿಡುವುದು ನಿಮ್ಮಿಷ್ಟ. ಬಾವಿಗೆ ಆ ಸಂಜೆಯೇ ಬಾಗಿಲು ಬಿತ್ತು. ಬಾರು ಶೆಡ್ಡಿನ ಮೊಳೆಗೆ ಈಗಲೂ ತೂಗಿಕೊಂಡಿದೆ, ಬೇಕಾದರೆ ಬನ್ನಿ, ತೋರಿಸುತ್ತೇನೆ. ಆ ಗಂಟನ್ನು ಇವತ್ತಿನವರೆಗೂ ಅಕ್ಕ ಬಿಚ್ಚಿಲ್ಲ.