ನೀರಗಂಟಿಯ ಮೂರು ಕೂಗು

…ಕಲ್ಲಿನ ಮೇಲೆ ಕೆತ್ತಿಸವ್ರೆ ಕಣೋ ಅನ್ವರ, ಕಲ್ಲಿನ ಮೇಲೆ! ‘ನೀರಗಂಟಿ ಮನೆತನ’ ಅಂತ. ಪೇಪರಲ್ಲಿ ಬರೆದಿದ್ರೆ ಹರಿದೋಗ್ತಿತ್ತು, ಇದು ಕಲ್ಲು! ನಾಳೆ ಹತ್ತು ಗಂಟೆಗೆ ಕೆರೆ ಏರಿ ಮೇಲೆ ನಿಲ್ಲಿಸ್ತಾರೆ. ನಂಗೊಂದು ಶಾಲು, ಒಂದು ಹಾರ. ಆಮೇಲೆ ನೀನು ಮೈಕಲ್ಲಿ ಎರಡೇ ಎರಡು ಮಾತು ಆಡ್ಬೇಕು. ಅದನ್ನ ಕೇಳೋಕೇ ನಿನ್ನ ಕರೆಸಿದ್ದು… ಯಾಕೆ ನಗ್ತೀಯ? ಶಾಲು ಅಂದಿದ್ದಕ್ಕಾ? ನಗು, ನಗು. ಅರವತ್ತೆಂಟು ವರ್ಷಕ್ಕೆ ಈ ಕೃಷ್ಣಯ್ಯನ ಹೆಗಲ ಮೇಲೆ ಟವಲ್ ಬಿಟ್ರೆ ಬೇರೆ ಏನ್ ಬಿದ್ದೈತೆ ಹೇಳು!

ಕಾಫಿ ತಗೋ. ಸಕ್ಕರೆ ಹಾಕ್ಸಿಲ್ಲ. ನಿನ್ನ ಶುಗರ್ ವಿಷ್ಯ ನಂಗೆ ಗೊತ್ತಿಲ್ವಾ?

ಇದೆಲ್ಲ ಶುರುವಾಗಿದ್ದು ನನ್ನ ಮೊಮ್ಮಗಳಿಂದ. ಮಂಜುಶ್ರೀ, ಲಾ ಓದ್ತಾಳಲ್ಲ, ಅವಳು. ಹೆಸ್ರಿನ ಜೊತೆಗೆ ಸೇರಿಸ್ಕೊಂಡವ್ಳೆ. ಮಂಜುಶ್ರೀ ನೀರಗಂಟಿ! ಫೇಸ್‌ಬುಕ್ಕಲ್ಲಿ ಹುಡುಕಿದ್ರೆ ಇದೇ ಹೆಸ್ರಿನೋರು ಇನ್ನೂರು ಜನ ಸಿಕ್ಕಿದ್ರಂತೆ. ಸಿಗದೇ ಏನು? ಕೆರೆ ಇದ್ದ ಊರಲ್ಲೆಲ್ಲ ಒಂದೊಂದು ನೀರಗಂಟಿ ಮನೆ ಇತ್ತು. ಶಿರಾ ಕಡೆ ಒಬ್ಬಳು ಪಾರ್ಲರ್ ಇಟ್ಟವ್ಳಂತೆ, ‘ನೀರಗಂಟಿ ಬ್ಯೂಟಿ ಪಾರ್ಲರ್’! ಮಾಲೂರಲ್ಲಿ ಒಬ್ಬ ಬೋರ್‌ವೆಲ್ ಕೊರೀತಾನಂತೆ. ಕೆರೆ ಕಾಯೋರ ಮನೆ ಹುಡುಗ ನೆಲ ತೂತು ಮಾಡ್ಕೊಂಡು ಓಡಾಡ್ತಾನೆ ನೋಡು, ಕಾಲ ಎಂಗೈತೆ ಅಂತ!

ನಮ್ಮ ಕಾಲದಲ್ಲಿ ಎಂಗಿತ್ತು? ನೀನೇ ಪಕ್ಕದಲ್ಲಿ ಕೂತಿರ್ತಿದ್ದೆ. ಮೇಷ್ಟ್ರು ಹಾಜರಿ ಕೂಗ್ವಾಗ ‘ನೀರಗಂಟಿ ಕೃಷ್ಣಯ್ಯ’ ಅಂದ್ರೆ ನಾನು ತಲೆ ತಗ್ಗಿಸ್ತಿದ್ದೆ. ಆಮೇಲೆ ಎಲ್ಲ ಕಡೆ ಬರೀ ‘ಎನ್. ಕೃಷ್ಣಯ್ಯ’ ಅಂತ ಬರೆಸ್ದೆ. ಯಾರಾದ್ರೂ ಎನ್ ಅಂದ್ರೆ ಏನು ಅಂದ್ರೆ ನಾರಾಯಣಪ್ಪ ಅಂತಿದ್ದೆ! ನಮ್ಮಪ್ಪನ ಹೆಸ್ರು ನಾರಾಯಣಪ್ಪ ಅಲ್ವೇ ಅಲ್ಲ! ನಾಚಿಕೆ ಕಣೋ. ನಮ್ಮಪ್ಪ ಪಟೇಲ್ರ ಜಗಲಿ ಹತ್ತೋ ಹಾಗಿರ್ಲಿಲ್ಲ. ಸುಗ್ಗೀಲಿ ಅಂಗಳದಲ್ಲಿ ನಿಂತ್ಕೊಂಡು, ಮೇಲಿಂದ ಮೊರದಲ್ಲಿ ಸುರಿಯೋ ರಾಗೀನ ಪಂಚೆ ಒಡ್ಡಿ ಇಸ್ಕೊಂಡು ಬರ್ತಿದ್ದ. ಆದ್ರೆ ಕೆರೆ ನೀರು ಬಿಡೋ ತೂಬಿನ ಮುಂದೆ ನಿಂತ್ರೆ ಅಪ್ಪಂದೇ ಮಾತು! ಪಟೇಲ್ರ ಗದ್ದೆ ಆದ್ರೂ ಅಷ್ಟೇ, ಗಂಡ ಇಲ್ಲದ ಮುನಿಕೃಷ್ಣಮ್ಮನ ಮೂರು ಗುಂಟೆ ಆದ್ರೂ ಅಷ್ಟೇ. ಸರದಿ ಬಂದಾಗಲೇ ನೀರು.

ಆ ಸಂಯುಕ್ತಾ ಮೇಡಂ ಗೊತ್ತಲ್ಲ, ಅಪಾರ್ಟ್‌ಮೆಂಟಿನೋರು, ಕೆರೆ ಉಳಿಸೋ ಗುಂಪಿನೋರು. ಮಂಜುಶ್ರೀ ಹೆಸ್ರು ನೋಡಿ ಅವ್ರು ಬಂದು ಕೇಳಿದ್ರು. ‘ಅಂಕಲ್, ನೀರಗಂಟಿ ಅಂದ್ರೆ ಏನರ್ಥ?’ ನಾನು ಹೇಳ್ದೆ, ಕೆರೆ ನೀರು ಕಾಯೋನು, ಹಂಚೋನು ಅಂತ ಎಲ್ರೂ ಹೇಳ್ತಾರೆ ಮೇಡಂ. ಆದ್ರೆ ನಮ್ಮಪ್ಪ ಹಂಗೆ ಹೇಳ್ತಿರ್ಲಿಲ್ಲ. ನೀರಗಂಟಿ ಅಂದ್ರೆ ಕೂಗೋನು ಅಂತಿದ್ದ. ತೂಬು ಎತ್ತೋಕೆ ಮುಂಚೆ ಏರಿ ಮೇಲೆ ನಿಂತು ಮೂರು ಸಲ ಕೂಗ್ಬೇಕು. ‘ತೂಬು ಎತ್ತೀನಿ, ನೀರು ಬತ್ತದೆ, ದನ ಮಕ್ಳು ದಡ ಸೇರ್ಕಳ್ರೋ!’ ಕೂಗಾದ್ಮೇಲೆ ಒಂದು ಎಲೆ ಅಡಿಕೆ ಅಗಿದು ಮುಗಿಸೋವರೆಗೂ ಕಾಯ್ಬೇಕು. ಆಮೇಲೇ ಕೈ ಹಾಕೋದು. ಕೂಗ್ದೆ ತೂಬು ಮುಟ್ಟಿದೋನು ನಮ್ಮ ವಂಶದಲ್ಲೇ ಇಲ್ಲ… ಮೇಡಂ ಇದನ್ನೆಲ್ಲ ಬರ್ಕೊಂಡ್ರು. ಕಲ್ಲಿನ ಮೇಲೂ ಹಾಕ್ಸವ್ರೆ, ‘ಮೂರು ಬಾರಿ ಕೂಗಿ ಊರು ಕಾದವರು’ ಅಂತ.

ಯಾಕೋ, ಲೋಟ ಕೆಳಗಿಟ್ಬಿಟ್ಟೆ? ಆರೋಯ್ತಾ?

ಸರಿ. ನೇರವಾಗೇ ಹೇಳ್ತೀನಿ, ನಿನ್ನ ಹತ್ರ ಏನು ಮುಚ್ಚುಮರೆ. ನಿನ್ನ ಸುಗ್ರಮ್ಮ ತೀರ್ಕೊಂಡು ಬರೋ ಸೆಪ್ಟೆಂಬರಿಗೆ ಎರಡು ವರ್ಷ. ಕಾಲುವೇಲಿ ಮೇಕೆ ಮೇಯಿಸ್ತಿದ್ಲು, ನಾನು ಎತ್ತಿದ ತೂಬಿನ ನೀರಲ್ಲೇ ಹೋದ್ಲು. ಪೊಲೀಸ್ರು ಆಕಸ್ಮಿಕ ಅಂತ ಬರ್ಕೊಂಡು ಮುಗಿಸಿದ್ರು. ಊರೋರು ಮುಗಿಸಿದ್ರಾ? ಹಾಲಿನ ಡೇರಿ ಹತ್ರ ಹೋದ್ರೆ ಮಾತು ನಿಲ್ತದೆ. ಅಶ್ವತ್ಥಪ್ಪ ಅಂತೂ ಮುಖದ ಮುಂದೇನೇ ಅಂದ, ‘ಕೂಗಿದ್ರೆ ಆಯಮ್ಮ ಹತ್ತಿ ಬರ್ತಿರ್ಲಿಲ್ವಾ’ ಅಂತ. ನಾಳೆ ಆ ಕಲ್ಲು ನಿಂತಾಗ ಎಲ್ರೂ ಅದನ್ನೇ ಗುಸುಗುಸು ಅಂತಾರೆ. ಮಂಜುಶ್ರೀ ಕಿವಿಗೆ ಬೀಳ್ತದೆ. ಅದಕ್ಕೇ ನೀನು… ಸುಗ್ರಮ್ಮನ ಗಂಡ, ನೀನೇ ಹೇಳ್ಬಿಟ್ರೆ ಇನ್ಯಾರೂ ಬಾಯಿ ತೆಗೆಯಲ್ಲ. ಎರಡೇ ಮಾತು. ‘ಕೃಷ್ಣಯ್ಯ ಆವತ್ತೂ ಕೂಗಿದ್ದ. ನಾನು ಕೇಳಿಸ್ಕೊಂಡೆ.’ ಅಷ್ಟೇ.

ಏನ್ ಹೇಳ್ತೀಯ?

…ಅನ್ವರ? ನೆಲ ಯಾಕೆ ನೋಡ್ತೀಯ? ಕೂಗಿದ್ದೆ ಕಣೋ! ಮೂರು ಸಲ ಕೂಗಿದ್ದೆ. ನಮ್ಮಮ್ಮನಾಣೆ ಕೂಗಿದ್ದೆ. ಮಳೆ ಅಂಗೆ ಸುರೀತಿತ್ತು, ಆ ಸದ್ದಲ್ಲಿ ಪಾಪ ಆಯಮ್ಮಂಗೆ… ಯಾಕೆ ತಲೆ ಅಲ್ಲಾಡಿಸ್ತೀಯ? ನಿಂತಿತ್ತಾ? ಹೂಂ… ನಿಂತಿತ್ತು. ಎರಡು ಗಂಟೆಗೇ ನಿಂತು ಬಿಸಿಲು ಬಿದ್ದಿತ್ತು. ಅದಕ್ಕೇ ಅಲ್ವಾ ಸುಗ್ರಮ್ಮ ಮೇಕೆ ಹೊಡ್ಕೊಂಡು ಇಳಿದಿದ್ದು. ಮಳೆ ನಿಂತ್ರೂ ಮೇಲಿನ ಲೇಔಟ್‌ಗಳ ನೀರು ಬರ್ತಾನೇ ಇತ್ತಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿ ಕಾರುಗಳು ತೇಲೋಕೆ ಶುರುವಾಗಿದ್ವು. ಸೆಕ್ರೆಟರಿ ಫೋನ್ ಮೇಲೆ ಫೋನ್. ‘ಬೇಗ ಎತ್ತಿ ಕೃಷ್ಣಯ್ಯ, ಬೇಗ ಎತ್ತಿ.’ ನಾನು ಅವಸರದಲ್ಲೂ ಕೂಗಿದೆ. ಪದ್ಧತಿ ಬಿಡ್ಲಿಲ್ಲ!

ಅಂಗೆ ನೋಡ್ಬೇಡ ನೀನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅಲ್ಲ ನಾನು. ಕೂಗಿದ್ದೆ ಅಂದ್ರೆ ಕೂಗಿದ್ದೆ. ಅರವತ್ತು ಜನ ಕೇಳಿಸ್ಕೊಂಡವ್ರೆ! ಅರವತ್ತು ಜನ ಹೆಬ್ಬೆಟ್ಟು ತೋರ್ಸಿದ್ರು…

ಹೆಬ್ಬೆಟ್ಟು ಅಂದ್ರೆ… ಫೋನಲ್ಲಿ ಕಣೋ. ಅಪಾರ್ಟ್‌ಮೆಂಟಿನೋರ ವಾಟ್ಸಾಪ್ ಗ್ರೂಪಲ್ಲಿ.

ಬೈಯೋಕೆ ಮುಂಚೆ ಪೂರ್ತಿ ಕೇಳು. ಅದರ ಹಿಂದಿನ ವರ್ಷ ಒಂದ್ಸಲ ಕೂಗಿದ್ದಕ್ಕೆ ಬಾಲ್ಕನೀಲಿ ನಿಂತೋರು ಕಂಪ್ಲೇಂಟ್ ಮಾಡಿದ್ರು. ಮಗು ಮಲಗಿತ್ತಂತೆ, ಯಾರಿಗೋ ಮೀಟಿಂಗ್ ಅಂತೆ. ಸೆಕ್ರೆಟರಿ ಕರೆದು ನಂಗೊಂದು ಹೊಸ ಫೋನ್ ಕೊಟ್ರು. ‘ಕೃಷ್ಣಯ್ಯನೋರೇ, ಇನ್ಮೇಲೆ ಕಿರುಚೋದು ಬೇಡ. ಇದರಲ್ಲಿ ಹೇಳಿ, ಎಲ್ರಿಗೂ ತಲುಪ್ತದೆ.’ ಕೃಷ್ಣಯ್ಯನೋರೇ! ಜೀವಮಾನದಲ್ಲಿ ಯಾರ್ ಕರೆದಿದ್ರು ನನ್ನ ಅಂಗೆ? ಕುರ್ಚಿ ಹಾಕಿ ಕೂರ್ಸಿ ಕಲಿಸಿಕೊಟ್ರು. ನಂಗೆ ಖುಷಿ ಆಯ್ತು ಅನ್ವರ, ಸುಳ್ಳು ಯಾಕೆ ಹೇಳ್ಲಿ. ಗಂಟಲು ಹರ್ಕೊಳ್ಳೋದು ಆಳಿನ ಕೆಲಸ, ಇದು ಮರ್ಯಾದೆ ಕೆಲಸ ಅನ್ನಿಸ್ತು. ಆವತ್ತೂ ಅಂಗೇ ಮಾಡ್ದೆ. ಫೋನ್ ಬಾಯಿ ಹತ್ರ ಹಿಡ್ಕೊಂಡು ಮೂರು ಸಲ ಹೇಳ್ದೆ. ಮೆಲ್ಲಗೆ. ಎಲೆ ಅಡಿಕೇನೂ ಹಾಕ್ಕೊಂಡೆ. ಹೆಬ್ಬೆಟ್ಟು ಬಂದ್ವು, ತೂಬಿನ ಗೇಟಿನ ಚಕ್ರ ತಿರುಗಿಸ್ದೆ.

ಗ್ರೂಪಲ್ಲಿದ್ದೋರೆಲ್ಲ ಮೂರನೇ ಮಹಡಿ, ಐದನೇ ಮಹಡಿ. ಕಾಲುವೇಲಿ ಇದ್ದೋಳ ಹತ್ರ ಫೋನೇ ಇರ್ಲಿಲ್ಲ. ಅದು ನಂಗೆ ಹೊಳೀಲೇ ಇಲ್ಲ… ಕಾಲುವೆ ತಿರುವಲ್ಲಿ ಮೇಕೆ ಅರಚಿದ್ದು ಕೇಳಿದ ಮೇಲೆ ಹೊಳೀತು.

ಈಗಾದ್ರೂ ಮಾತಾಡೋ. ಕೇಳಿಸ್ಕೊಂಡ್ಯಲ್ಲ, ಉಗಿ ನನ್ನ ಮುಖಕ್ಕೆ. …ಆಶ್ಚರ್ಯಾನೇ ಆಗಿಲ್ವಲ್ಲೋ ನಿಂಗೆ.

ಅನ್ವರ.

ನಿನ್ನ ಕುಶನ್ ಅಂಗಡಿ ತೂಬಿಂದ ನೂರು ಹೆಜ್ಜೆ ಇಲ್ಲ. ಆವತ್ತು ಕರೆಂಟ್ ಹೋಗಿತ್ತು, ನಿನ್ನ ಹೊಲಿಗೆ ಮಿಷನ್ ನಿಂತಿತ್ತು. ನೀನು ಬಾಗಿಲಲ್ಲೇ ಕೂತಿದ್ದೆ, ಏರಿ ಮೇಲಿಂದ ನಿನ್ನ ಟೋಪಿ ಕಾಣ್ತಿತ್ತು ನಂಗೆ. ಕೂಗಿದ್ರೆ ಮೊದಲು ಓಡ್ತಿದ್ದೋನೇ ನೀನು. ಆದ್ರೆ ಪೊಲೀಸ್ರು ಕೇಳಿದಾಗ ಏನಂದೆ? ‘ನಂಗೆ ನಿದ್ದೆ ಹತ್ತಿತ್ತು ಸಾರ್, ಕೂಗಿದ್ನೋ ಇಲ್ವೋ ಗೊತ್ತಿಲ್ಲ.’ ನಾನು ಅದನ್ನ ನಂಬ್ದೆ ಕಣೋ! ಎರಡು ವರ್ಷ ನಂಬ್ಕೊಂಡಿದ್ದೆ. ನೀನು ನಿದ್ದೆ ಮಾಡಿರ್ಲಿಲ್ಲ. ಖಬರಸ್ಥಾನದಲ್ಲಿ ನಿನ್ನ ಹೆಗಲ ಮೇಲೆ ಬಿದ್ದು ಅತ್ನಲ್ಲ ನಾನು, ಆಗ್ಲೂ ನಿಂಗೆ ಗೊತ್ತಿತ್ತು, ನಾನು ಕೂಗಿರ್ಲಿಲ್ಲ ಅಂತ. ಹಬ್ಬಕ್ಕೆ ಶೀರ್ ಕುರ್ಮಾ ಡಬ್ಬಿ ತಂದುಕೊಟ್ಯಲ್ಲ, ಆಗ್ಲೂ.

ನೀನು ನನ್ನ ಉಳಿಸೋಕೆ ಒಂದು ಸುಳ್ಳು ಹೇಳಿ ಸುಮ್ನಾದೆ. ಈಗ ಇನ್ನೊಂದು ಹೇಳು, ಮೈಕಲ್ಲಿ ಹೇಳು ಅಂತ ನಿನ್ನ ಕೂರಿಸ್ಕೊಂಡು ಕಾಫಿ ಕೊಡ್ತಿದೀನಿ ನಾನು.

ಎಲ್ಲಿಗೆ ಎದ್ದೆ? ಚಪ್ಪಲಿ ಯಾಕೆ ಹಾಕ್ಕೊಳ್ತೀಯ? ಕೂತ್ಕೋ ಅನ್ವರ… ಬೇಡ, ಕೂರ್ಬೇಡ. ನಾಳೆ ಬರೋದೂ ಬೇಡ. ಒಂದೇ ಒಂದು ಮಾತು, ಬೈದಾದ್ರೂ ಹೋಗೋ.