ಮಾನಿಟರ್ ಗಾಜಿನ ಮೇಲೆ ಗೆರೆ ಎಳೆದದ್ದು ಯಾರು ಎಂಬ ಬಗ್ಗೆ

ವಯಸ್ಸು 46 ವರ್ಷ, ಕಸುಬು ಹೊಲಿಗೆ, ಓದು ಆರನೇ ತರಗತಿ ಅರ್ಧಕ್ಕೆ ನಿಂತದ್ದು, ವಾಸ ಹಿಟ್ಟಿನ ಗಿರಣಿಯ ಹಿಂದಿನ ಎರಡನೇ ಅಡ್ಡರಸ್ತೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ, ಬೀದಿಯವರೆಲ್ಲ ಹೊಲಿಗೆ ಅಕ್ಕ ಎಂದು ಕರೆಯುವ ನಾನು, ಈ ದಿನ ಠಾಣೆಯಲ್ಲಿ ಕುಳಿತು ನನ್ನ ಕೈಯಾರೆ ಬರೆದು ಈ ಮೂಲಕ ತಿಳಿಸುವುದೇನೆಂದರೆ,

ನನಗೆ ಒಬ್ಬಳೇ ಮಗಳು. ವಯಸ್ಸು 19, ಎಲೆಕ್ಟ್ರಿಕಲ್ ಡಿಪ್ಲೊಮಾ ಎರಡನೇ ವರ್ಷ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಾಳೆ. ಮೊದಲು ನಾನೂ ಅದನ್ನು ಹಾಳು ಆಟ ಅಂತಲೇ ಬೈಯುತ್ತಿದ್ದೆ, ಮುಚ್ಚಿಡುವುದಿಲ್ಲ. ಹೋದ ತಿಂಗಳು 212 ಜನ ಆಡಿದ ಪಂದ್ಯದಲ್ಲಿ ಆರು ಜನರನ್ನು ತಂಡಕ್ಕೆ ಆರಿಸಿದರು. ಆರರಲ್ಲಿ ಇವಳೊಬ್ಬಳು. ತಂಡದ ಅರ್ಜಿಯನ್ನು ಸೋಮವಾರ ಸಂಜೆ 4 ಗಂಟೆಯೊಳಗೆ ಕೊಡಬೇಕು. ಅದರ ಒಂಬತ್ತನೇ ಸಾಲಿನಲ್ಲಿ ನಿಮ್ಮ ಮೇಲೆ ಪೊಲೀಸ್ ದೂರು ಇದೆಯೇ ಎಂದು ಕೇಳಿದೆ. ಇದೆ ಎಂದು ಬರೆದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇಷ್ಟು ಭಯ. ಕಂಪ್ಯೂಟರ್ ಅಂಗಡಿ ಮಾಲೀಕರು ಮಗಳ ಮೇಲೆ ಕೊಟ್ಟಿರುವ ದೂರು ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಳೇ ಮಾನಿಟರಿನಲ್ಲಿ ಆಟ ಜೋರಾದಾಗ ಚಿತ್ರ ಅಡ್ಡಕ್ಕೆ ಹರಿದು ಕಾಣುತ್ತದೆ. ತಿರುವಿನಲ್ಲಿ ರಸ್ತೆ ಎತ್ತ ಹೋಯಿತೆಂದು ಗೊತ್ತಾಗದೆ ಮಗಳು ಸೋಲುತ್ತಾಳೆ. ಹೊಸದು ಕೊಳ್ಳಲು ಈ ದಿನ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಇಬ್ಬರೂ ಮನೆಯಿಂದ ಹೊರಟೆವು. ಬೀಗ ಹಾಕಿದೆನೋ ಇಲ್ಲವೋ ಎಂದು ನಾನು ಎರಡು ಸಲ ಮೆಟ್ಟಿಲು ಹತ್ತಿ ಇಳಿದದ್ದರಿಂದ 10 ಗಂಟೆ 48 ಆಯಿತು. ಬೀಗ ಹಾಕಿತ್ತು.

ಬಸ್ಸಿನಲ್ಲಿ ಮಗಳು ನನಗೆ ತಿಳಿಸಿ ಹೇಳಿದಳು. ಕಂಪ್ಯೂಟರ್ ಒಂದೇ ವೇಗದಲ್ಲಿ ಚಿತ್ರ ಬಿಡಿಸುವುದಿಲ್ಲ, ಒಮ್ಮೆ ಬೇಗ ಒಮ್ಮೆ ನಿಧಾನ. ಸಾದಾ ಮಾನಿಟರ್ ಮಾತ್ರ ಒಂದೇ ತಾಳದಲ್ಲಿ ತೋರಿಸುತ್ತಾ ಹೋಗುತ್ತದೆ, ಹಾಗಾಗಿ ಅರ್ಧ ಹಳೇ ಚಿತ್ರ ಅರ್ಧ ಹೊಸ ಚಿತ್ರ ಒಟ್ಟಿಗೆ ಬಂದುಬಿಡುತ್ತದೆ. ವೇರಿಯಬಲ್ ರಿಫ್ರೆಶ್ ರೇಟ್, ಅಂದರೆ ವಿ.ಆರ್.ಆರ್., ಇರುವ ಮಾನಿಟರ್ ಆದರೆ ಕಂಪ್ಯೂಟರಿಗೆ ಕಾದು, ಅದರ ಜೊತೆ ಹೆಜ್ಜೆ ಹಾಕುತ್ತದೆ ಎಂದಳು. ಅಂದರೆ ಬಟ್ಟೆ ನೋಡಿ ಪೆಡಲ್ ತುಳಿದ ಹಾಗೆ ಎಂದು ನಾನು ಕೇಳಿದೆ. ಅಯ್ಯೋ ಅಮ್ಮಾ, ಇಷ್ಟು ಚೆನ್ನಾಗಿ ನಮ್ಮ ಮೇಷ್ಟ್ರಿಗೂ ಹೇಳೋಕೆ ಬರಲ್ಲ ಎಂದು ಮಗಳು ನಕ್ಕಳು. ಪಕ್ಕದ ಸೀಟಿನವರು ತಿರುಗಿ ನೋಡಿದರು.

11 ಗಂಟೆ 20 ನಿಮಿಷಕ್ಕೆ ಅಂಗಡಿ ತಲುಪಿದೆವು. ಒಳಗೆ ಉದ್ದ ಮೇಜಿನ ಮೇಲೆ ಮೂರು ಮಾನಿಟರ್ ಓಡುತ್ತಿದ್ದವು. ಎಲ್ಲಕ್ಕಿಂತ ಅಗ್ಗದ್ದು ಬಾಗಿಲ ಕಡೆಯದು. ಅಂಗಡಿಯ ಸೇಲ್ಸಿನವನು, ವಯಸ್ಸು ಸುಮಾರು 30, ಅದರ ಡಬ್ಬಿಯ ಮೇಲಿನ ಚೀಟಿ ತೋರಿಸಿ ಇದರಲ್ಲೂ ವಿ.ಆರ್.ಆರ್. ಇದೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದನು. ಕಣ್ಣು ಮುಚ್ಚಿಕೊಂಡು ನೋಡೋದು ಹೇಗಣ್ಣಾ ಎಂದು ಮಗಳು ಕೇಳಿದಳು. ಆಮೇಲೆ, ಅದು ಸೆಕೆಂಡಿಗೆ ಎಷ್ಟು ಚಿತ್ರದಿಂದ ಎಷ್ಟು ಚಿತ್ರದವರೆಗೆ ಕೆಲಸ ಮಾಡುತ್ತದೆ ಎಂದು ಕೇಳಿದಳು. ಅವನು ಎಪ್ಪತ್ತೈದರವರೆಗೆ ಎಂದನು. ಎಲ್ಲರೂ ಮೇಲಿನ ಅಂಕಿ ಕೇಳುತ್ತಾರೆ, ನನಗೆ ಕೆಳಗಿನದು ಬೇಕು ಎಂದು ಮಗಳು ಹೇಳಿದಳು. ಅವನಿಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು. ನಲವತ್ತೆಂಟು.

ನಮ್ಮ ಮನೆಯ ಕಂಪ್ಯೂಟರ್ ಹಳೆಯದು, ತಿರುವಿನಲ್ಲಿ ಸೆಕೆಂಡಿಗೆ ನಲವತ್ತು ಚಿತ್ರಕ್ಕೆ ಇಳಿಯುತ್ತದೆ, ನಲವತ್ತೆಂಟರ ಕೆಳಗೆ ಈ ಮಾನಿಟರ್ ಕೈಬಿಡುತ್ತದೆ, ಎಲ್ಲಿ ಬೇಕೋ ಅಲ್ಲೇ ಬಿಡುತ್ತದೆ ಎಂದು ಮಗಳು ಹೇಳಿದಳು. ಸೇಲ್ಸಿನವನು ಅದೆಲ್ಲ ಓದಿದ್ದು, ಕಣ್ಣಿಗೆ ಕಾಣಲ್ಲ ಎಂದನು. ಹಾಗಾದರೆ ಪರೀಕ್ಷೆ ಮಾಡಿ ತೋರಿಸಲೇ ಎಂದು ಮಗಳು ಕೇಳಿದ್ದಕ್ಕೆ, ಅವನು ಮೌಸನ್ನು ಅವಳ ಕಡೆ ತಳ್ಳಿ ಧಾರಾಳವಾಗಿ ಮಾಡು ಎಂದನು. ಅನುಮತಿ ಇಲ್ಲದೆ ಮುಟ್ಟಿದಳು ಎಂದು ದೂರಿನಲ್ಲಿ ಬರೆದಿದ್ದಾರೆ. ಮೌಸನ್ನು ತಳ್ಳಿದ್ದು ಅವನ ಎಡಗೈ, ಅದರಲ್ಲಿ ಟೀ ಲೋಟ ಇರಲಿಲ್ಲ, ಲೋಟ ಬಲಗೈಯಲ್ಲಿತ್ತು.

11 ಗಂಟೆ 35ಕ್ಕೆ ಮಗಳು ಒಂದು ಕಂಬ ಅತ್ತಿಂದಿತ್ತ ಓಡುವ ಚಿತ್ರ ಹಾಕಿದಳು. ಅರವತ್ತರಲ್ಲಿ ಕಂಬ ನೆಟ್ಟಗಿತ್ತು. ನಲವತ್ತಕ್ಕೆ ಇಳಿಸಿದ ಕೂಡಲೇ ಕಂಬ ಅಡ್ಡಕ್ಕೆ ತುಂಡಾಗಿ, ಮೇಲಿನ ತುಂಡು ಒಂದು ಬೆರಳು ಪಕ್ಕಕ್ಕೆ ಸರಿಯಿತು. ನಾನು 22 ವರ್ಷದಿಂದ ಚೌಕಳಿ ಬಟ್ಟೆಯಲ್ಲಿ ಗೆರೆಗೆ ಗೆರೆ ಕೂಡಿಸಿ ಹೊಲಿಯುವವಳು. ಗೆರೆ ತಪ್ಪಿದರೆ ನನ್ನ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ತಪ್ಪಿದೆ ಎಂದೆ. ಸೇಲ್ಸಿನವನು ಎಲ್ಲಿ ಎಂದನು. ಅಲ್ಲಿ ಎಂದೆ. ಎಲ್ಲಮ್ಮಾ ಎಂದು ಮತ್ತೆ ಕೇಳಿದನು. ಮೂರನೇ ಸಲ, ಹೆತ್ತವರಿಗೆ ಹೆಗ್ಗಣ ಮುದ್ದು, ಮಗಳು ಹೇಳಿದ್ದೆಲ್ಲ ಕಾಣುತ್ತೆ ನಿಮಗೆ, ಇದೇನು ನೀವು ಹೊಲಿಯೋ ಅಂಗಿನಾ ಎಂದನು.

ಆಗ ನನ್ನ ತಪ್ಪು ನಡೆಯಿತು. ಸೊಂಟದ ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಯಾವಾಗಲೂ ಇರುತ್ತದೆ. ಹೊಲಿಗೆ ತಪ್ಪಿದ ಕಡೆ ಗುರುತು ಹಾಕದೆ ನನ್ನ ಕೈ ಸುಮ್ಮನಿರುವುದಿಲ್ಲ. ಚಾಕ್ ತೆಗೆದು ಮಾನಿಟರ್ ಗಾಜಿನ ಮೇಲೆ, ಕಂಬ ತುಂಡಾಗುತ್ತಿದ್ದ ಎತ್ತರಕ್ಕೆ, ಮೂರು ಇಂಚು ಅಡ್ಡಗೆರೆ ಎಳೆದು ಇಲ್ಲಿ ಎಂದೆ. ಎಳೆದ ಮೇಲೆ ಅದು ಬಟ್ಟೆಯಲ್ಲ ಎಂದು ಹೊಳೆಯಿತು.

ಆದರೆ ಗೆರೆ ಇದ್ದದ್ದರಿಂದ ಎಲ್ಲರಿಗೂ ಕಂಡಿತು. ಹಿಂದೆ ನಿಂತಿದ್ದ ಕನ್ನಡಕದ ಹಿರಿಯರು ಹೌದಲ್ಲಾ ಎಂದರು. ಮೂರನೇ ಮಾನಿಟರಿನಲ್ಲಿ ಅದೇ ಪರೀಕ್ಷೆ ಮಾಡಮ್ಮ ಎಂದು ಅವರೇ ಮಗಳನ್ನು ಕೇಳಿದರು. ಅದು ನಲವತ್ತೆಂಟರಿಂದ ನೂರ ನಲವತ್ತನಾಲ್ಕು. ವೇಗ ನಲವತ್ತಕ್ಕೆ ಇಳಿದಾಗ ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿ ಎಂಬತ್ತು ಮಾಡಿಕೊಂಡು ಹೆಜ್ಜೆ ಉಳಿಸಿಕೊಳ್ಳುತ್ತದೆ ಎಂದು ಮಗಳು ವಿವರಿಸಿದಳು. ಕಂಬ ನೆಟ್ಟಗೆ ಓಡಿತು. ಐದು ಜನ ಗಿರಾಕಿಗಳು ಅವಳ ಸುತ್ತ ನಿಂತು ಕೇಳುತ್ತಿದ್ದರು. ಒಬ್ಬರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಆಗ 11 ಗಂಟೆ 50. ನನಗೆ ಗಾಜಿನ ಭಯ ಒಂದು ಕಡೆ, ಇನ್ನೊಂದು ಕಡೆ ಎದೆ ಉಬ್ಬಿ ಕಣ್ಣು ಮಂಜಾಯಿತು. ಇದು ಹೇಳಿಕೆಗೆ ಬೇಡದ ವಿಷಯವಾದರೆ ಹೊಡೆದು ಹಾಕಬಹುದು.

ಕನ್ನಡಕದವರು ಕೈಯಲ್ಲಿದ್ದ ಅಗ್ಗದ ಮಾನಿಟರಿನ ಡಬ್ಬಿಯನ್ನು ಕೆಳಗಿಟ್ಟರು. ಇನ್ನೊಬ್ಬರೂ ಇಟ್ಟರು. 11 ಗಂಟೆ 52ಕ್ಕೆ ಮಾಲೀಕರು ಒಳಕೋಣೆಯಿಂದ ಬಂದು, ನನ್ನ ಅಂಗಡಿಗೆ ಬಂದು ನನ್ನ ಗಿರಾಕಿಗಳಿಗೇ ಪಾಠ ಮಾಡ್ತೀಯಾ, ಎಷ್ಟು ಕೊಬ್ಬು ಎಂದು ಮಗಳನ್ನು ಬೈದರು. ಆಮೇಲೆ ಗೆರೆ ನೋಡಿದರು. ಸೇಲ್ಸಿನವನು ಒಣಬಟ್ಟೆಯಿಂದ ಮೂರು ಸಲ ತಿಕ್ಕಿದನು. ಗೆರೆ ಹೋಯಿತು, ಉಗುರಿನಗಲ ಮಂಕು ಉಳಿಯಿತು. ಅದು ಚಾಕಿನಿಂದ ಆಯಿತೋ ತಿಕ್ಕಿದ್ದರಿಂದ ಆಯಿತೋ ನಾನು ಆಣೆ ಮಾಡಿ ಹೇಳಲಾರೆ. ಚಾಕ್ ನನ್ನದೇ.

ಯಾರು ಮಾಡಿದ್ದು ಎಂದು ಮಾಲೀಕರು ಕೂಗಿದಾಗ ನಾನು ಕೈಯಲ್ಲಿದ್ದ ಚಾಕನ್ನೇ ನೋಡಿದೆ. ಅಷ್ಟರಲ್ಲಿ ಮಗಳು ನನ್ನ ಕೈಯಿಂದ ಚಾಕ್ ಕಿತ್ತುಕೊಂಡು ನಾನು ಎಂದಳು. ಸೇಲ್ಸಿನವನು ಕಂಡಿದ್ದರೂ ಬಾಯಿ ಬಿಡಲಿಲ್ಲ. ಮಾಲೀಕರು ಫೋನ್ ಮಾಡಿದರು. 12 ಗಂಟೆ 25ಕ್ಕೆ ನಮ್ಮನ್ನು ಠಾಣೆಗೆ ಕರೆತಂದರು.

ಇಲ್ಲಿ ನಾನು ಗೆರೆ ಎಳೆದದ್ದು ನಾನೇ ಎಂದು ಹೇಳಿದೆ. ಮಗಳು, ಸಾರ್, ಅಮ್ಮನಿಗೆ ಬಾಯಿ ಬಿಡೋಕೂ ಹೆದರಿಕೆ, ಅವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು ಎಂದಳು. ಠಾಣೆಯ ಸಾಹೇಬರು ತಲೆ ಕೆರೆದುಕೊಂಡು, ಇಬ್ಬರೂ ಈ ಮೇಜಿನ ಮೇಲೆ ಮೂರು ಇಂಚು ಗೆರೆ ಎಳೆಯಿರಿ ಎಂದರು. ನಾನು ಎಳೆದೆ. ಸ್ಕೇಲ್ ಇಟ್ಟು ನೋಡಿದರೆ ಮೂರು ಇಂಚು, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಮಗಳದು ಹಾವು ಹರಿದ ಹಾಗೆ ಐದೂವರೆ ಇಂಚು ಹೋಯಿತು. ಗಾಜಿನ ಗೆರೆ ಅಳಿಸುವ ಮೊದಲು ಕನ್ನಡಕದವರು ತಮ್ಮ ಫೋನಿನಲ್ಲಿ ತೆಗೆದ ಫೋಟೊವನ್ನು ಠಾಣೆಗೆ ತಂದು ಕೊಟ್ಟಿದ್ದಾರೆ, ಅದರಲ್ಲಿರುವುದು ನೇರ ಗೆರೆ. ಸಾಹೇಬರು ಮಗಳನ್ನು ನೋಡಿ, ಸುಳ್ಳು ಹೇಳೋಕೂ ಕೈ ನೆಟ್ಟಗಿರಬೇಕಮ್ಮ ಎಂದರು. ಮಗಳು ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ.

ಆದ್ದರಿಂದ ದೂರಿನಲ್ಲಿ ಗಾಜಿನ ಗೆರೆಯ ವಿಷಯಕ್ಕೆ ಮಗಳ ಹೆಸರು ತೆಗೆದು ನನ್ನ ಹೆಸರು ಹಾಕಬೇಕು. ಮಂಕಿಗೆ ಏನು ಕೊಡಬೇಕೋ ಕೊಡುತ್ತೇನೆ. ಆದರೆ ಪರೀಕ್ಷೆ ಮಾಡಿ ತೋರಿಸಿದ್ದು ನನ್ನ ಮಗಳು, ಅದಕ್ಕೆ ನನ್ನ ಹೆಸರು ಹಾಕಬಾರದು. ಅವಳದನ್ನು ಅವಳ ಹೆಸರಿನಲ್ಲೇ, ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ.

ಇಷ್ಟನ್ನೂ ಯಾರ ಬಲವಂತವೂ ಇಲ್ಲದೆ ಬರೆದಿದ್ದೇನೆ. ಎರಡು ಸಲ ಓದಿ ನೋಡಿದ್ದೇನೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 3 ಗಂಟೆ 20 ನಿಮಿಷ
ಹೇಳಿಕೆ ಕೊಟ್ಟವಳ ಸಹಿ (ಹೆಬ್ಬೆಟ್ಟಲ್ಲ, ಸಹಿ)