ಹೋಗಿ ಬರ್ತೀನಿ ಅಂದವಳು

ಮಳೆ ಸಂಜೆಯಿಂದಲೇ ಹಿಡಿದಿತ್ತು. ಕರೆಂಟು ಹೋಗಿ ಹೊಲಿಗೆ ಮಿಷನ್ನು ನಿಂತಿತ್ತು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಬ್ಬರು ಮಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿದಿದ್ದರು. ಅತ್ತೆ ಮೇಣದಬತ್ತಿಯ ಬೆಳಕಿನಲ್ಲಿ ತಮ್ಮನ ಮಗಳ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಹುಡುಗಿ ಮುಂದಿನ ವಾರ ಓದಲು ಪರದೇಶಕ್ಕೆ ಹೊರಡುವವಳು.

"ಚಿಕ್ಕತ್ತೆ ಓದಿದ್ದೂ ಅದೇ ಊರಲ್ಲಿ ಅಲ್ವಾ ಅತ್ತೆ? ಅವರು ಏನಾದ್ರು?" ಎಂದು ಅವಳು ಕೇಳಿದಳು. ಮನೆಯಲ್ಲಿ ಈ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಅತ್ತೆ ಸೂಜಿ ನಿಲ್ಲಿಸಿದಳು.

"ಹತ್ತಿರ ಬನ್ರೇ. ಮಧ್ಯ ಬಾಯಿ ಹಾಕಬೇಡಿ... ನನ್ನ ತಂಗಿಗೆ ಹಳೇದು ಅಂದ್ರೆ ಪ್ರಾಣ. ಮ್ಯೂಸಿಯಂ ಸಿಕ್ಕಿಬಿಟ್ರೆ ಊಟ ಬೇಡ, ನಿದ್ದೆ ಬೇಡ. ಅಲ್ಲಿ ಒಂದು ರಜಾ ದಿನ ಬೆಳಗ್ಗೆನೇ ಹೊರಟವಳು ಕತ್ತಿ ಗುರಾಣಿ ನೋಡಿದ್ಲು, ಒಡೆದ ಮಡಕೆ ನೋಡಿದ್ಲು, ಯಾವುದೋ ರಾಣಿ ಮಲಗ್ತಿದ್ದ ಮಂಚ ನೋಡಿದ್ಲು, ಕಾಲು ಬಿದ್ದುಹೋಗೋ ಹೊತ್ತಿಗೆ ಒಂದು ಗಲ್ಲಿಯ ಕೊನೇಲಿರೋ ಹಳೇ ಮನೆಗೆ ಬಂದಳು. ಆ ಮನೇನೇ ಮ್ಯೂಸಿಯಂ. ಇದ್ದವರು ಹೇಗೆ ಬಿಟ್ಟುಹೋಗಿದ್ರೋ ಹಾಗೇ ಇಟ್ಟಿದ್ದಾರೆ. ಅಡುಗೆಮನೆಗೆ ಅಡ್ಡ ಒಂದು ಹಗ್ಗ. ಹಗ್ಗದಾಚೆ ಒಲೆ, ಒಲೆ ಪಕ್ಕ ಕುರ್ಚಿ ಮೇಲೆ ಒಬ್ಬ ಮುದುಕಿ... ತೊಡೆ ಮೇಲೆ ಎರಡೂ ಕೈ ಅಂಗಾತ ಇಟ್ಕೊಂಡು ಬಾಗಿಲ ಕಡೆನೇ ನೋಡ್ತಿದ್ದಾಳೆ. ಮೇಣದ ಗೊಂಬೆ ಅಂದ್ಕೊಂಡಳು ಇವಳು. ಯಾರಾದ್ರೂ ಹಾಗೇ ಅಂದ್ಕೊಳ್ಳಲ್ವಾ?

"ಪಾಪ, ನಮ್ಮ ಭಾಷೆ ಮಾತಾಡೋಕೆ ಅವಳಿಗೆ ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗೊಂಬೆ ಮುಂದೇನೇ ನಿಂತು ಹೊಟ್ಟೇಲಿದ್ದದ್ದನ್ನೆಲ್ಲ ಹೇಳಿಕೊಂಡಳು... ಅಲ್ಲಿನ ಚಳಿ, ಒಂಟಿತನ, ಅಮ್ಮನ ನೆನಪು. ಹೊರಡುವಾಗ ಅಭ್ಯಾಸಬಲ, 'ಹೋಗಿ ಬರ್ತೀನಿ ಅಜ್ಜಿ' ಅಂದುಬಿಟ್ಟಳು. ನಾವು ಎಲ್ಲಿಂದ ಎದ್ರೂ ಹಾಗೇ ತಾನೇ ಅನ್ನೋದು? ಬರೀ 'ಹೋಗ್ತೀನಿ' ಅನ್ನೋಕೆ ನಾಲಿಗೆನೇ ಏಳಲ್ಲ.

"ಬಾಗಿಲಲ್ಲಿ ಕಾವಲಿನವನಿಗೆ, ಗೊಂಬೆ ಎಷ್ಟು ಚೆನ್ನಾಗಿದೆ ಅಂದಳಂತೆ. 'ಗೊಂಬೆನಾ? ಅಲ್ಲಿರೋದು ಖಾಲಿ ಕುರ್ಚಿ' ಅಂದನಂತೆ ಅವನು. ಆ ಮನೆ ಮಗಳು ಬರ್ತೀನಿ ಅಂತ ಹೇಳಿ ಹೋದವಳು ಬರಲೇ ಇಲ್ಲವಂತೆ, ತಾಯಿ ಆ ಕುರ್ಚಿ ಮೇಲೆ ಕಾದು ಕಾದು ಅಲ್ಲೇ ಜೀವ ಬಿಟ್ಟಳಂತೆ...

"ಇವಳು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಓದು ಮುಗಿಸಿ ಸೀದಾ ಮನೆಗೆ ಬಂದು, ನಡೆದದ್ದನ್ನ ಬಾಗಿಲಲ್ಲೇ ನನ್ನ ಕಿವಿಗೆ ಹಾಕಿ, 'ಅಮ್ಮಾ' ಅಂತ ಅಡುಗೆಮನೆಗೆ ಓಡಿದಳು. ಮಗಳು ಬರ್ತಾಳೆ ಅಂತ ಬೆಳಗ್ಗೆಯೆಲ್ಲ ಸಡಗರದಿಂದ ಓಡಾಡಿದ್ದ ನಮ್ಮಮ್ಮ ಕುರ್ಚಿ ಮೇಲೆ ಕೂತಿದ್ದಾಳೆ... ತೊಡೆ ಮೇಲೆ ಎರಡೂ ಕೈ ಅಂಗಾತ. ಮಗಳನ್ನ ನೋಡಿ, 'ಬರ್ತೀನಿ ಅಂದವಳು ಯಾಕೆ ಬರಲಿಲ್ಲ?' ಅಂತ ಕೇಳಿದಳು. ಆ ಧ್ವನಿ ನಮ್ಮಮ್ಮಂದಲ್ಲ ಕಣ್ರೇ. ಆಮೇಲೆ ಅನ್ನ ಇಲ್ಲ, ನೀರಿಲ್ಲ, ಅದೊಂದೇ ಮಾತು. ಡಾಕ್ಟರು ಕೈಚೆಲ್ಲಿದರು. ಅಮ್ಮ ನಮ್ಮ ಕಣ್ಣೆದುರೇ ಸವೆದುಹೋಗ್ತಿದ್ದಳು.

"ತಂಗಿ ಬಿಚ್ಚದ ಪೆಟ್ಟಿಗೆನ ಹಾಗೇ ಎತ್ತಿಕೊಂಡಳು. ಅಮ್ಮನ ತಲೆ ಸವರಿದಳು. ಹೊಸಿಲಲ್ಲಿ ನಿಂತು, 'ಅಕ್ಕಾ, ಹೋಗ್ತೀನಿ' ಅಂದಳು. ಅಷ್ಟೇ. ಇನ್ನೊಂದು ಮಾತು ಬರುತ್ತೆ, ಈಗ ಬರುತ್ತೆ ಅಂತ ಕಾದೆ... ಬರಲಿಲ್ಲ. ಅವಳು ಅಲ್ಲಿಗೆ ತಲುಪಿದ ದಿನ ಅಮ್ಮ ಎದ್ದು, ಹಸಿವಾಗ್ತಿದೆ ಅಂದಳು. ತಂಗಿ ಆ ಮನೆಯೊಳಗೆ ಹೋಗಿದ್ದನ್ನ ಕಂಡವರಿದ್ದಾರೆ. ಹೊರಗೆ ಬಂದದ್ದನ್ನ ಕಂಡವರಿಲ್ಲ."

ತಮ್ಮನ ಮಗಳು ನಗಲು ನೋಡಿ, "ಅದೆಲ್ಲ ಹಳೇ ಕಾಲ ಬಿಡಿ ಅತ್ತೆ" ಎಂದಳು.

ಅತ್ತೆ ದಾರ ಕಡಿದು ಕೋಟನ್ನು ಅವಳ ಮಡಿಲಿಗೆ ಹಾಕಿದಳು.

"ಹಳೇ ಕಾಲವಾ? ನಮ್ಮ ಗಿರಾಕಿ ಒಬ್ಬರ ಮಗ ಹೋದ ವರ್ಷ ಅಲ್ಲಿಗೆ ಹೋಗಿದ್ದ. ಅಡುಗೆಮನೇಲಿ ಅಜ್ಜಿ ಪಕ್ಕ ಇನ್ನೊಂದು ಗೊಂಬೆ ಇದೆ, ಥೇಟ್ ನಿಮ್ಮ ಮುಖವೇ ಅಂದ... ಬೇಡ ಅಂದ್ರೆ ನೀನು ಕೇಳೋಳಲ್ಲ, ನಿನಗೂ ಅವಳದ್ದೇ ಚಟ. ಹೋದರೆ ಹೋಗು, ತುಟಿ ಮಾತ್ರ ಬಿಚ್ಚಬೇಡ. ಹಗ್ಗದಾಚೆಯಿಂದ ಅವಳು ನಮ್ಮ ಮಾತಲ್ಲಿ 'ಅಕ್ಕ ಹೇಗಿದ್ದಾಳೆ' ಅಂತ ಕೇಳಿದರೂ ಸುಮ್ಮನೆ ಬಂದುಬಿಡು. ಆ ಹುಡುಗ ಅಲ್ಲಿ ನಿಂತು ಫೋನಲ್ಲಿ ಅವರಮ್ಮನ ಜೊತೆ ಮಾತಾಡ್ತಿದ್ದನಂತೆ... ಅವನನ್ನ ಹಾಗೇ ಕೇಳಿದಳಂತೆ."